ಗಾರ್ಡ್ ಬಿಚ್ಚಿದವರು ಯಾರು?

ಪೀಣ್ಯದ ಶೀಟ್ ಮೆಟಲ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ಓದುಗರೊಬ್ಬರು ಬರೆದಿದ್ದಾರೆ: "ತಗಡು ಒತ್ತುವ ಪವರ್ ಪ್ರೆಸ್ ಮಷಿನ್‌ನಲ್ಲಿ ಬೆರಳು ಕಳೆದುಕೊಂಡವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ತಪ್ಪೆಲ್ಲ ಮಾಲೀಕರದ್ದೇ ಅನ್ನುವ ಹಾಗಿತ್ತು. ನಾವು ಹೆಲ್ಮೆಟ್ ಕೊಡ್ತೀವಿ, ಗ್ಲೌಸ್ ಕೊಡ್ತೀವಿ, ಹಾಕ್ಕೊಳ್ಳಲ್ಲ. ಮಷಿನ್ನಿಗೆ ಕೈ ಸಿಗದ ಹಾಗೆ ಗಾರ್ಡ್ ಹಾಕಿದರೆ ಅವರೇ ಬಿಚ್ಚಿಡ್ತಾರೆ. ಕಾನೂನು ಕಾರ್ಮಿಕರಿಗೂ ಕರ್ತವ್ಯ ಹೇಳಿದೆಯಲ್ಲ, ಅದನ್ನು ಯಾಕೆ ಬರೆಯಲ್ಲ?"

ಸ್ವಾಮಿ, ನೀವು ಹೇಳಿದ್ದು ಸುಳ್ಳಲ್ಲ. 1948ರ ಕಾರ್ಖಾನೆ ಕಾಯ್ದೆಯ 111ನೇ ಕಲಂ ಅದನ್ನೇ ಹೇಳುತ್ತಿತ್ತು. ಸುರಕ್ಷತೆಗೆ ಇಟ್ಟ ಸಾಧನವನ್ನು ಕಾರ್ಮಿಕ ಬೇಕಂತಲೇ ಕೆಡಿಸುವಂತಿಲ್ಲ. ಕೆಡಿಸಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 100 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೆಲಸದ ಜಾಗದ ಸುರಕ್ಷತೆ, ಆರೋಗ್ಯಕ್ಕೆ ಸಂಬಂಧಿಸಿದ ಹೊಸ ಸಂಹಿತೆ ಬಂದಿದೆ. ಅದರಲ್ಲೂ ನೌಕರನ ಕರ್ತವ್ಯಗಳ ಪಟ್ಟಿ ಇದೆ. ಕುಡಿದು ಬಂದು ಪಕ್ಕದವನ ಕೈಗೆ ಕುತ್ತು ತರುವವನ ಪರ ವಕಾಲತ್ತು ವಹಿಸುವ ಆಸೆ ನನಗೂ ಇಲ್ಲ. ಸರಿ, ಇಷ್ಟು ಒಪ್ಪಿದೆ. ಈಗ ನನ್ನ ಮಾತು ಸ್ವಲ್ಪ ಕೇಳಿ.

ಮೊದಲನೆಯದಾಗಿ, ಪ್ರೆಸ್ ಮಷಿನ್ ಮುಂದೆ ಕೂತವನ ಬೆರಳನ್ನು ಹೆಲ್ಮೆಟ್ ಹೇಗೆ ಕಾಪಾಡುತ್ತದೆ? ಇನ್ನು ಗ್ಲೌಸ್ ವಿಷಯ. ಡ್ರಿಲ್ಲಿಂಗ್ ಮಷಿನ್ ಮುಂದೆ ಗ್ಲೌಸ್ ಹಾಕುವುದೇ ಅಪಾಯ, ತಿರುಗುವ ಸ್ಪಿಂಡಲ್ ಬಟ್ಟೆ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸುರಕ್ಷತೆ ಓದಿದವರು ಯಾರನ್ನೇ ಕೇಳಿ. ಮೊದಲು ಅಪಾಯವನ್ನೇ ಇಲ್ಲವಾಗಿಸು, ಆಗದಿದ್ದರೆ ಮಷಿನ್ನಿನಲ್ಲೇ ತಡೆ ಕಟ್ಟು, ಮೈಮೇಲೆ ಹಾಕುವ ಸಾಮಾನು ಎಲ್ಲಕ್ಕಿಂತ ಕೊನೆಗೆ ಅಂತಾರೆ. ನಮ್ಮಲ್ಲಿ ಆ ಕೊನೆಯದೇ ಮೊದಲು. ಯಾಕೆಂದರೆ ಅದು ಅಗ್ಗ. ಹಾಕಿಕೊಳ್ಳದಿದ್ದರೆ ತಪ್ಪೂ ಅವನದೇ ಆಗುತ್ತೆ.

ಅಂದಹಾಗೆ, ಆ ಶೂ, ಗ್ಲೌಸ್ ದುಡ್ಡನ್ನು ಸಂಬಳದಲ್ಲಿ ಹಿಡಿಯುತ್ತಾರಾ? ಹಿಡಿಯುವ ಕಡೆ ಬಹಳ ಇವೆ. ಮಾಲೀಕ ಕೊಡಬೇಕಾದ ಸಾಧನಕ್ಕೆ ಕಾರ್ಮಿಕನಿಂದ ಒಂದು ಪೈಸೆಯೂ ವಸೂಲು ಮಾಡಬಾರದು ಅಂತ ಹಳೇ ಕಾಯ್ದೆಯ 114ನೇ ಕಲಂ ಹೇಳುತ್ತಿತ್ತು.

ಈಗ ಗಾರ್ಡ್‌ಗೆ ಬರೋಣ. ಕಾಲಲ್ಲಿ ಪೆಡಲ್, ಕೈಯಲ್ಲಿ ತಗಡು. ತಗಡು ಡೈ (ಆಕಾರ ಕೊಡುವ ಅಚ್ಚು) ಒಳಗಿಡು, ಪೆಡಲ್ ಒತ್ತು, ತೆಗಿ, ಮತ್ತೆ ಇಡು. ಶಿಫ್ಟ್ ಪೂರ್ತಿ ಇದೇ. ನಡುವೆ ಒಂದು ತುಂಡು ಡೈಗೆ ಅಂಟಿಕೊಳ್ಳುತ್ತದೆ. ಕೈ ಬಿಡಿಸಲು ಹೋಗುತ್ತದೆ, ಕಾಲು ರೂಢಿಯಂತೆ ಪೆಡಲ್ ಒತ್ತುತ್ತದೆ. ಇದಕ್ಕೇ ಎರಡು ಬಟನ್ ಇರುವ ಪ್ರೆಸ್ ಬಂದದ್ದು. ಎರಡೂ ಕೈ ಬಟನ್ ಮೇಲಿದ್ದರೆ ಮಾತ್ರ ಮೇಲಿನ ಭಾಗ ಇಳಿಯುತ್ತದೆ. ಆದರೆ ಅದರಲ್ಲಿ ಗಂಟೆಗೆ ಪೀಸ್ ಕಡಿಮೆ ಬೀಳುತ್ತವೆ. ಆಗ ಒಂದು ಬಟನ್‌ಗೆ ವಾಷರ್ ಸಿಕ್ಕಿಸಿ, ಮೇಲೆ ಟೇಪ್ ಸುತ್ತುತ್ತಾರೆ. ಸುತ್ತಿದವನು ಕಾರ್ಮಿಕನೇ ಇರಬಹುದು. ಟಾರ್ಗೆಟ್ ಬರೆದವರು ಯಾರು? ದಿನಕ್ಕೆ ನಾಲ್ಕು ಸಲ ಆ ಟೇಪ್ ಎದುರಿಗೇ ಓಡಾಡಿದವರು ಯಾರು?

ಹಳೇ ಕಾಯ್ದೆಯ 21ನೇ ಕಲಂ ಬರೆದವರಿಗೆ ಇದೆಲ್ಲ ಗೊತ್ತಿತ್ತು ಅಂತ ಕಾಣುತ್ತೆ. ಗಾರ್ಡ್ ಹಾಕಿ ಅಂತ ಹೇಳಿ ಸುಮ್ಮನಾಗಲಿಲ್ಲ. ಮಷಿನ್ ಓಡುವಷ್ಟು ಹೊತ್ತೂ ಅದು ಅಲ್ಲೇ ಇರುವಂತೆ ನೋಡಿಕೊಳ್ಳಿ ಅಂದರು. ಭೋಪಾಲ್ ದುರಂತದ ನಂತರ, 1987ರಲ್ಲಿ, 7ಎ ಕಲಂ ಸೇರಿತು. ಮಷಿನ್ ಸುರಕ್ಷಿತವಾಗಿಡುವುದು ಮಾತ್ರವಲ್ಲ, ಮಾಹಿತಿ, ತರಬೇತಿ, ಮೇಲ್ವಿಚಾರಣೆ ಕೊಡುವುದೂ ಮಾಲೀಕನ ಹೊಣೆ ಆಯಿತು. ಮೇಲ್ವಿಚಾರಣೆ ಅಂದರೆ ನೀವು, ಸ್ವಾಮಿ.

ನಾನು ಪ್ರೂಫ್ ತಿದ್ದಲು ಕೂತಿದ್ದ ಮೊದಲ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಟ್ರೆಡಲ್ ಅನ್ನುವ ಮುದ್ರಣ ಯಂತ್ರ ಓಡಿಸುವವರೊಬ್ಬರಿದ್ದರು. ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಮದುವೆ ಸೀಸನ್, ರಾತ್ರಿಯೆಲ್ಲ ಲಗ್ನಪತ್ರಿಕೆ ಹೊಡೆಯುವಾಗ ಆದದ್ದು. "ಅವನ ಗಮನ ಎಲ್ಲೋ ಇತ್ತು" ಅನ್ನುತ್ತಿದ್ದರು ಮಾಲೀಕರು. ಒಳ್ಳೆಯ ಮನುಷ್ಯ, ಆಸ್ಪತ್ರೆ ಖರ್ಚು ಕೊಟ್ಟಿದ್ದರು. ಆದರೆ ಹದಿನಾರು ಗಂಟೆ ನಿಂತವನ ಗಮನ ಎಲ್ಲಿರಬೇಕಿತ್ತು? ಅದೇ ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವವರಿಗೆ ದಿನಾ ಬಾಳೆಹಣ್ಣು ಕೊಡುತ್ತಿದ್ದರು, ಸೀಸದ ವಿಷಕ್ಕೆ ಮದ್ದು ಅಂತ. ಕೈ ತೊಳೆಯಲು ಸೋಪು ಮಾತ್ರ ಇರಲಿಲ್ಲ. ಸೀಸ ಹತ್ತಿದ ಕೈಯಲ್ಲೇ ಆ ಹಣ್ಣು ಸುಲಿದು ತಿನ್ನುತ್ತಿದ್ದರು.

"ಅವನಿಗೂ ಗೊತ್ತಿತ್ತಲ್ಲ" ಅನ್ನುವ ವಾದ ನಿನ್ನೆಮೊನ್ನೆಯದಲ್ಲ. 1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಅನ್ನುವ ಕೆಲಸದಾಳು ತನ್ನ ಮಾಲೀಕ, ಮಾಂಸದ ವ್ಯಾಪಾರಿ ಫೌಲರ್ ಮೇಲೆ ದಾವೆ ಹಾಕಿದ. ಮಿತಿಮೀರಿ ಮಾಂಸ ಹೇರಿದ್ದ ಗಾಡಿ ಮುರಿದು ಅವನ ತೊಡೆಯ ಮೂಳೆ ಮುರಿದಿತ್ತು. ಜ್ಯೂರಿ 100 ಪೌಂಡ್ ಕೊಡಿಸಿತು. ಮೇಲಿನ ಕೋರ್ಟು ಅದನ್ನು ಕಿತ್ತುಕೊಂಡಿತು. ಗಾಡಿಯ ಸ್ಥಿತಿ ಮಾಲೀಕನಿಗೆ ಗೊತ್ತಿರುವಷ್ಟೇ ಆಳಿಗೂ ಗೊತ್ತಿರುತ್ತದೆ, ಬೇಡ ಅನ್ನಿಸಿದರೆ ಹತ್ತದೇ ಇರಬಹುದಿತ್ತು, ಅಂತ. ಈ ತೀರ್ಪಿನ ಬೆನ್ನಲ್ಲೇ ಒಂದು ತತ್ವ ಬೆಳೆಯಿತು. ಜೊತೆ ಕೆಲಸಗಾರನ ತಪ್ಪಿನಿಂದ ಏಟು ಬಿದ್ದರೆ ಮಾಲೀಕನಿಗೆ ಹೊಣೆ ಇಲ್ಲ ಅನ್ನುವುದು. ಅದನ್ನು ಪೂರ್ತಿ ತೆಗೆದುಹಾಕಲು ಅಲ್ಲಿ 1948ರವರೆಗೆ ಕಾಯಬೇಕಾಯಿತು. ಹತ್ತದೇ ಇರಬಹುದಿತ್ತಂತೆ! ಹತ್ತದಿದ್ದರೆ ಮರುದಿನ ಕೆಲಸ ಇರುತ್ತಿತ್ತಾ?

ನಮ್ಮ 1923ರ ಪರಿಹಾರ ಕಾಯ್ದೆ ಇದಕ್ಕಿಂತ ಉದಾರವಾಗಿತ್ತು. ಕುಡಿದಿದ್ದ, ಗಾರ್ಡ್ ಬೇಕಂತಲೇ ತೆಗೆದ ಅಂತ ಮಾಲೀಕ ವಾದಿಸಬಹುದಿತ್ತು, ನಿಜ. ಆದರೆ ಆ ಅಪಘಾತದಲ್ಲಿ ಕಾರ್ಮಿಕ ಸತ್ತರೆ ಈ ವಾದ ನಡೆಯದು ಅಂತ 1933ರ ತಿದ್ದುಪಡಿ ಹೇಳಿತು; ಯಾವ ಕೆಲಸಕ್ಕೂ ಆಗದಷ್ಟು ಶಾಶ್ವತವಾಗಿ ಊನನಾದರೂ ನಡೆಯದು ಅಂತ 1995ರ ತಿದ್ದುಪಡಿ ಸೇರಿಸಿತು. ತಪ್ಪು ಅವನದೇ ಇದ್ದರೂ ಮನೆಯವರಿಗೆ ದುಡ್ಡು ಕೊಡಲೇಬೇಕಿತ್ತು. ಸತ್ತವನ ವಿಷಯದಲ್ಲಿ ತೊಂಬತ್ತು ವರ್ಷದ ಹಿಂದೆಯೇ ನಮಗೆ ಇಷ್ಟು ಬುದ್ಧಿ ಇತ್ತು.

ಈಗ ಇದೆಯಾ ಅಂತ ಕೆಲವೊಮ್ಮೆ ಅನುಮಾನ. ಪ್ರತಿವರ್ಷ ಮಾರ್ಚ್ 4ರಂದು ಸುರಕ್ಷತಾ ದಿನ. ಪ್ರತಿಜ್ಞೆ ತೆಗೆದುಕೊಳ್ಳುವವರು ಅಂಗಳದಲ್ಲಿ ಸಾಲಾಗಿ ನಿಂತ ಕಾರ್ಮಿಕರು. ಘೋಷಣೆಗಳೆಲ್ಲ ಅವರಿಗೇ. 'ಮನೆಯಲ್ಲಿ ಮಕ್ಕಳು ಕಾಯುತ್ತಿದ್ದಾರೆ, ಜೋಪಾನ'. 'ಮಾಲೀಕರೇ, ಹಳೇ ಪ್ರೆಸ್ ಬದಲಾಯಿಸಿ' ಅನ್ನುವ ಬೋರ್ಡ್ ನಾನಂತೂ ನೋಡಿಲ್ಲ. ವಿದ್ಯುತ್ ಬಳಸುವ ಕಡೆ ಹತ್ತು ಜನ ಇದ್ದರೆ ಕಾರ್ಖಾನೆ ಅನ್ನುತ್ತಿದ್ದೆವು. ಹೊಸ ಸಂಹಿತೆಯಲ್ಲಿ ಇಪ್ಪತ್ತಾಗಿದೆ. ಸಣ್ಣ ಶೆಡ್ಡುಗಳಲ್ಲೇ ಹಳೇ ಮಷಿನ್ ಜಾಸ್ತಿ ಅಲ್ವಾ? ಇನ್ನು ಮ್ಯಾನ್‌ಹೋಲ್ ಕಥೆ. ರಕ್ಷಣೆ ಇಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯಲ್ಲೇ ಅಪರಾಧ. ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಇಷ್ಟಾದರೂ ಇಳಿಸುವುದು ನಿಂತಿಲ್ಲ. ಸತ್ತ ಮರುದಿನದ ಸುದ್ದಿಯಲ್ಲಿ ಗುತ್ತಿಗೆದಾರನ ಹೆಸರು ಇರಲ್ಲ, "ಮುನ್ನೆಚ್ಚರಿಕೆ ವಹಿಸದೆ ಇಳಿದಿದ್ದರು" ಅನ್ನುವ ಸಾಲು ಮಾತ್ರ ತಪ್ಪದೆ ಇರುತ್ತದೆ. ನಮ್ಮ ಪತ್ರಕರ್ತ ಬಂಧುಗಳಿಗೆ ಈ ಸಾಲು ಯಾರು ಕೊಡುತ್ತಾರೋ!

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಮೇಲಿನವರು ಲೆಕ್ಕ ಕೇಳುತ್ತಾರೆ, ಕೆಳಗಿನವರು ಕೈ ಕಳೆದುಕೊಳ್ಳುತ್ತಾರೆ. ನಡುವೆ ಸಿಕ್ಕಿಕೊಂಡವರು ನೀವು. ಕಾರ್ಮಿಕರ ಕರ್ತವ್ಯದ ಬಗ್ಗೆ ನೀವೇ ಒಂದು ಲೇಖನ ಬರೆದುಕೊಡಿ, ಖಂಡಿತ ಹಾಕುತ್ತೇವೆ. ಎಂಟುನೂರು ಪದ ಸಾಕು. ನಿಮ್ಮ ಶಾಪಿನಲ್ಲಿ ಕೊನೆಯ ಸಲ ಬೆರಳು ಹೋದ ದಿನದ ಟಾರ್ಗೆಟ್ ಎಷ್ಟಿತ್ತು, ಗಾರ್ಡ್ ಬಿಚ್ಚಿದ ಸ್ಪ್ಯಾನರ್ ಯಾವ ಟೂಲ್ ರೂಮಿನಿಂದ ಬಂತು, ಇವೆರಡನ್ನೂ ಬಿಡದೆ ಬರೆಯಿರಿ. ಕಾರ್ಖಾನೆಯ ಹೆಸರು ಬೇಡ. ಮುಂದಿನ ತಿಂಗಳ 10ರೊಳಗೆ ತಲುಪಿದರೆ ಆ ಸಂಚಿಕೆಗೇ ಸೇರಿಸುತ್ತೇನೆ.

— ಸಂ.