ಮಗ್ಗುಲು ಬದಲಿಸುವುದು ಯಾರ ಕೆಲಸ?

ಹಾಸನ ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಕಾಗದವನ್ನು ಸ್ವಲ್ಪ ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇವೆ.

‘ಮೇ ಸಂಚಿಕೆಯಲ್ಲಿ ದಾದಿಯರ ದಿನಕ್ಕೆಂದು ನೀವು ಹಾಕಿದ ಲೇಖನ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಅತ್ತೆಗೆ 74 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ 12 ದಿನ ಇದ್ದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಸಿಸ್ಟರ್‌ಗಳು ಬರುತ್ತಿದ್ದದ್ದು ಇಂಜೆಕ್ಷನ್ ಕೊಡಲು, ಬಿ.ಪಿ. ನೋಡಲು ಮಾತ್ರ. ಬೆಡ್‌ಪ್ಯಾನ್ ಇಡಲು ಆಯಾ ಪ್ರತಿ ಸಲ 50 ರೂಪಾಯಿ ಕೇಳುತ್ತಿದ್ದರು. ಅತ್ತೆಗೆ ದುಡ್ಡಿಗಿಂತ ನಾಚಿಕೆ ಜಾಸ್ತಿ. ನೀರು ಕುಡಿಯುವುದನ್ನೇ ಬಿಟ್ಟರು. ನಾಲ್ಕನೇ ರಾತ್ರಿ “ಹಸು ಬಿಚ್ಚಿಕೊಂಡಿದೆ, ಕಟ್ಟಿ” ಎಂದು ಕೂಗಾಡಿದರು. ಹಸು ಮಾರಿ ಹತ್ತು ವರ್ಷವಾಗಿದೆ. ಕಳೆದುಹೋದೀತು ಅಂತ ಅವರ ಕನ್ನಡಕವನ್ನೂ ಮನೆಗೆ ಕಳಿಸಿದ್ದೆವು, ಪಾಪ ಏನೂ ಕಾಣದೆ ಕೈಯಾಡಿಸುತ್ತಿದ್ದರು. ಮನೆಗೆ ಬಂದ ಮೇಲೆ ನೋಡಿದರೆ ಬೆನ್ನ ಕೆಳಗೆ ಅಂಗೈಯಗಲ ಹುಣ್ಣು. ದಿನಾ ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕಿದ್ದೆ. ಗಾಳಿ ತುಂಬುವ ರಿಂಗ್ ಕೂಡ ಕೊಂಡಿದ್ದೆ. ಇದು ಅವರ ತಪ್ಪೋ ನನ್ನ ತಪ್ಪೋ? ಈಗಿನ ಸಿಸ್ಟರ್‌ಗಳಿಗೆ ರೋಗಿಯನ್ನು ಮುಟ್ಟಲು ಅಸಹ್ಯವೇ?’

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಮೇ ಸಂಚಿಕೆಯ ಆ ಲೇಖನ ಹೂವಿನ ಹಾರದಂತಿತ್ತು. ತ್ಯಾಗ, ಸೇವೆ, ಬಿಳಿ ಸಮವಸ್ತ್ರದ ದೇವತೆ, ಇಂಥ ಮಾತುಗಳೇ ಎರಡು ಪುಟ. ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರವನ್ನೂ ಹಾಕಿದ್ದೆವು. ಆ ದೀಪ ಹಿಡಿದುಕೊಂಡು ಆಕೆ ಏನು ಮಾಡಿದರು ಅಂತ ಒಂದು ಸಾಲೂ ಬರೆಯಲಿಲ್ಲ. 1854ರಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕರಿದ್ದ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಾಗ ಆಕೆ ಹಿಂದೆ ಬಿದ್ದದ್ದು ನೆಲ ಉಜ್ಜುವ ಬ್ರಷ್, ಬಟ್ಟೆ ಒಗೆಯುವ ವ್ಯವಸ್ಥೆ, ರೋಗಿಗೆ ಸೇರುವಂಥ ಅಡುಗೆ, ಇವುಗಳ ಹಿಂದೆ. ಆಕೆ ಬರೆದ ಎರಡು ಮಾತು ನಿಮ್ಮ ಕಾಗದ ಓದುವಾಗ ನೆನಪಾದವು. ಹಾಸಿಗೆ ಹುಣ್ಣಾದರೆ ಸಾಮಾನ್ಯವಾಗಿ ಅದು ಕಾಯಿಲೆಯ ತಪ್ಪಲ್ಲ, ಆರೈಕೆಯ ತಪ್ಪು ಎಂಬುದು ಒಂದು. ಕಟ್ಟಡವೂ ಆಡಳಿತವೂ ಕೆಟ್ಟಿದ್ದರೆ ಎಷ್ಟೋ ಸಲ ಆರೈಕೆ ಮಾಡುವುದೇ ಅಸಾಧ್ಯ ಎಂಬುದು ಇನ್ನೊಂದು. ಮೊದಲನೆಯದು ನಿಮ್ಮ ಸಿಟ್ಟಿಗೆ ಸರಿಯಾಗಿದೆ. ಎರಡನೆಯದು ಆ ಸಿಸ್ಟರ್‌ಗಳ ಪರವಾಗಿದೆ. ನನಗೆ ಎರಡೂ ನಿಜ ಅನ್ನಿಸುತ್ತದೆ.

ನಿಮ್ಮ ಅತ್ತೆಯ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಬಾಯಿ ತೊಳೆಸುವುದು, ಬೆಡ್‌ಪ್ಯಾನ್ ಇಡುವುದು ನರ್ಸಿಂಗ್ ಕೆಲಸವೇ. ಅದರಲ್ಲಿ ಅನುಮಾನ ಬೇಡ. ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಆಗಲಿ, ಬಿ.ಎಸ್ಸಿ. ನರ್ಸಿಂಗ್ ಆಗಲಿ, ಮೊದಲ ವರ್ಷ ಕಲಿಸುವುದೇ ಇದನ್ನು. ಹಾಸಿಗೆಯಲ್ಲಿ ರೋಗಿ ಇದ್ದ ಹಾಗೆಯೇ ಚಾದರ ಬದಲಿಸುವುದಕ್ಕೂ ಅಲ್ಲಿ ಪರೀಕ್ಷೆ ಉಂಟು. ಹಾಗಾದರೆ ಆ ಕಲಿಕೆ ವಾರ್ಡಿಗೆ ಬಂದಾಗ ಎಲ್ಲಿ ಹೋಗುತ್ತದೆ?

ಲೆಕ್ಕ ನೋಡಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬರು. ನೀವಿದ್ದ ವಾರ್ಡಿನಲ್ಲಿ ರಾತ್ರಿ ಡ್ಯೂಟಿಗೆ ಎಷ್ಟು ಜನ ಇದ್ದರು ಅಂತ ನೀವೇ ಮೂರನೇ ಪುಟದಲ್ಲಿ ಬರೆದಿದ್ದೀರಿ: 22 ಹಾಸಿಗೆಗೆ ಒಬ್ಬ ಹುಡುಗಿ. ಆಕೆಗೆ ಕೇಸ್ ಶೀಟ್ ಬರೆಯಬೇಕು, ಡ್ರಿಪ್ ಬದಲಿಸಬೇಕು, ಹೊಸದಾಗಿ ಸೇರಿದವರನ್ನು ನೋಡಬೇಕು. ಇಂಜೆಕ್ಷನ್ ತಪ್ಪಿದರೆ ಬೆಳಗ್ಗೆ ಡಾಕ್ಟರು ಕೇಳುತ್ತಾರೆ. ಮಗ್ಗುಲು ಬದಲಿಸುವುದು ತಪ್ಪಿದರೆ ಯಾರೂ ಕೇಳುವುದಿಲ್ಲ. ಕೇಳುವವರಿಲ್ಲದ ಕೆಲಸ ಮೊದಲು ಬಿದ್ದುಹೋಗುತ್ತದೆ. ನಮ್ಮ ಪತ್ರಿಕೆ ಕಚೇರಿಯಲ್ಲೂ ಅಷ್ಟೇ. ಸಂಬಳದ ಮಾತೂ ಇದೆ. ಸುಪ್ರೀಂ ಕೋರ್ಟ್ ಸೂಚನೆ ಮೇರೆಗೆ 2016ರಲ್ಲಿ ಕೂತ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತ್ತು. ಹಾಗೆ ಹೇಳಬೇಕಾಗಿ ಬಂತು ಅಂದಮೇಲೆ ಅದಕ್ಕಿಂತ ಕಡಿಮೆ ಕೊಡುವವರು ಎಷ್ಟಿದ್ದರು ಅಂತ ಊಹಿಸಿಕೊಳ್ಳಿ.

‘ಮುಟ್ಟಲು ಅಸಹ್ಯವೇ’ ಎಂದು ಕೇಳಿದ್ದೀರಿ. ಅಸಹ್ಯ ಆ ಹುಡುಗಿಯದ್ದಲ್ಲ, ನಮ್ಮೆಲ್ಲರದು. ಮೈಯ ಕೊಳೆ ತೆಗೆಯುವ ಕೆಲಸವನ್ನು ನಾವು ಕೀಳು ಅಂತಲೇ ಕಂಡವರು. ಮಗಳು ನರ್ಸಿಂಗ್ ಓದುತ್ತೇನೆ ಅಂದರೆ ಮುಖ ಸಿಂಡರಿಸಿದ ಮನೆಗಳು ಎಷ್ಟು! ಅದಕ್ಕೇ ಇರಬೇಕು, ಸಿರಿಂಜು ಹಿಡಿದರೆ ಒಂದು ಮೆಟ್ಟಿಲು ಮೇಲೆ, ಬೆಡ್‌ಪ್ಯಾನ್ ಹಿಡಿದರೆ ಒಂದು ಮೆಟ್ಟಿಲು ಕೆಳಗೆ ಎಂಬಂತಾಗಿದೆ. ಡಾಕ್ಟರಿಂದ ಸಿಸ್ಟರ್‌ಗೆ, ಸಿಸ್ಟರ್‌ನಿಂದ ಆಯಾಗೆ, ಆಯಾನಿಂದ ಜೊತೆಗಿರುವ ಮನೆಯವರಿಗೆ, ಕೆಲಸ ಉರುಳುತ್ತಾ ಬರುತ್ತದೆ. ಕೊನೆಗೆ ನಿಮ್ಮ ಕೈಗೆ ಬಂತು. ಕೆಲಸ ಬಂತು, ಅದನ್ನು ಮಾಡುವ ಬಗೆ ಮಾತ್ರ ಬರಲಿಲ್ಲ. ನಿಮಗೆ ಆದ ಅನ್ಯಾಯ ಇದು ಅಂತ ನನ್ನ ಲೆಕ್ಕ. ಮನೆಯವರು ಕೆಲಸ ಮಾಡಬೇಕಾಗಿ ಬಂದದ್ದಕ್ಕಿಂತ, ಹೇಗೆ ಅಂತ ಯಾರೂ ತೋರಿಸದೆ ಇದ್ದದ್ದು ದೊಡ್ಡ ತಪ್ಪು.

ನನ್ನದೇ ಒಂದು ಹೇಳುತ್ತೇನೆ. ಅಪ್ಪನಿಗೆ ಲಕ್ವ ಹೊಡೆದು ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ್ದರು. ಬಲಗಡೆ ಬಿದ್ದುಹೋಗಿತ್ತು. ಹಸಿದಿರುತ್ತಾರೆ ಅಂತ ನಾನು ಮಲಗಿದಲ್ಲೇ ಗಂಜಿ ಕುಡಿಸುತ್ತಿದ್ದೆ. ಎರಡನೇ ಚಮಚಕ್ಕೆ ಕೆಮ್ಮು, ಮುಖವೆಲ್ಲ ಕೆಂಪು. ನಡುವಯಸ್ಸಿನ ಒಬ್ಬ ಸಿಸ್ಟರ್ ಓಡಿಬಂದು ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಮಂಚದ ತಲೆಯ ಕಡೆ ಹಿಡಿ ತಿರುಗಿಸಿ ಅಪ್ಪನನ್ನು ಪೂರಾ ಕೂರಿಸಿದರು. ಕತ್ತಿನ ಕೆಳಗೆ ಟವೆಲ್ ಹಾಸಿದರು. ಗದ್ದ ಸ್ವಲ್ಪ ಕೆಳಗೆ ಬಾಗಿಸಿದರು. ಅರ್ಧ ಚಮಚ ಗಂಜಿಯನ್ನು ಚೆನ್ನಾಗಿದ್ದ ಎಡಗೆನ್ನೆಯ ಕಡೆಗೆ ಇಟ್ಟರು. ಆಮೇಲೆ ಸುಮ್ನೆ ಕಾದರು. ‘ಗಂಟಲು ನೋಡಿ ಸಾರ್, ಮೇಲೆದ್ದು ಕೆಳಗಿಳಿಯಬೇಕು. ಇಳಿದ ಮೇಲೆ ಇನ್ನೊಂದು ಚಮಚ’ ಅಂದರು. ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಕೂರಿಸಿ ಅಂದರು. ಬಟ್ಟಲು ವಾಪಸ್ ನನ್ನ ಕೈಗಿಟ್ಟು ಇನ್ನೊಂದು ಮಂಚಕ್ಕೆ ಹೋದರು. ಇಷ್ಟಕ್ಕೆ ಹಿಡಿದದ್ದು ಐದು ನಿಮಿಷ. ಆ ಐದು ನಿಮಿಷ ಸಿಗದಿದ್ದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತಿತ್ತೋ ಏನೋ. ಲಕ್ವದವರಿಗೆ ನುಂಗಲು ಬರುತ್ತದೋ ಇಲ್ಲವೋ ಅಂತ ನೋಡದೆ ಏನೂ ಕೊಡಬಾರದು ಅನ್ನುವುದೂ ನನಗೆ ಆಗಲೇ ಗೊತ್ತಾದದ್ದು.

ನಿಮಗೆ ಅಂಥ ಐದು ನಿಮಿಷ ಸಿಗಲಿಲ್ಲ. ಆದ್ದರಿಂದ ಕಾಗದದಲ್ಲಿರುವ ಒಂದೊಂದಕ್ಕೂ ಇಲ್ಲಿ ಉತ್ತರ ಕೊಡುತ್ತೇನೆ.

ಸ್ಪಿರಿಟ್ ಮತ್ತು ಪೌಡರ್. ಒಂದು ಕಾಲದಲ್ಲಿ ಆಸ್ಪತ್ರೆಗಳಲ್ಲೇ ಹೀಗೆ ಮಾಡುತ್ತಿದ್ದರು. ನಿಮಗೂ ಯಾರೋ ಹಿರಿಯರು ಹೇಳಿರುತ್ತಾರೆ. ಈಗ ಬೇಡ ಅನ್ನುತ್ತಾರೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಪೌಡರ್ ಬೆವರಿನ ಜೊತೆ ಸೇರಿ ಗಂಟುಗಟ್ಟುತ್ತದೆ. ಕೆಂಪಗಾದ ಜಾಗವನ್ನು ತಿಕ್ಕಿದರೆ ಒಳಗೆ ಮೊದಲೇ ನಲುಗಿದ ಭಾಗ ಇನ್ನಷ್ಟು ನಲುಗುತ್ತದೆ. ಗಾಳಿ ರಿಂಗ್ ಕಥೆಯೂ ಅದೇ. ನಡುವಿನ ಜಾಗಕ್ಕೆ ಆರಾಮ ಅನ್ನಿಸುತ್ತದೆ, ಆದರೆ ಸುತ್ತ ಒತ್ತಿ ಅಲ್ಲಿಗೆ ರಕ್ತ ಹೋಗುವುದನ್ನೇ ತಡೆಯುತ್ತದೆ. ನೀವು ಮಾಡಿದ್ದೆಲ್ಲ ಪ್ರೀತಿಯಿಂದ. ದಾರಿ ಹಳೆಯದು, ಅಷ್ಟೇ.

ಹುಣ್ಣು ಆಗುವುದು ಹೇಗೆ ಅಂತ ತಿಳಿದರೆ ಉಳಿದದ್ದು ತಾನಾಗೇ ಹೊಳೆಯುತ್ತದೆ. ನೀವು ನಾವು ನಿದ್ದೆಯಲ್ಲೂ ಹೊರಳುತ್ತೇವೆ. ಹೊರಳಲಾಗದವರಲ್ಲಿ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹೋಗುವುದಿಲ್ಲ. ಕೆಲವೇ ಗಂಟೆ ಸಾಕು, ಒಳಗೆ ಕೆಡಲು ಶುರುವಾಗುತ್ತದೆ. ಬೆನ್ನಿನ ತುದಿ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಇವನ್ನು ದಿನಕ್ಕೆ ಎರಡು ಸಲ ನೋಡಬೇಕು. ಕೆಂಪಗಾದ ಕಡೆ ಬೆರಳಿಟ್ಟು ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಪರವಾಗಿಲ್ಲ. ಒತ್ತಿದರೂ ಕೆಂಪಾಗೇ ಉಳಿದರೆ ಹುಣ್ಣು ಶುರುವಾಯಿತು ಅಂತಲೇ ತಿಳಿಯಿರಿ. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದೆ ಇರಬಹುದು. ಆಗ ಕೈಯಿಂದ ಮುಟ್ಟಿ ನೋಡಬೇಕು. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ನೋಯುತ್ತದಾ ಅಂತ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂಬುದು ಸಾಮಾನ್ಯ ಲೆಕ್ಕ. ಆದರೆ ಎಳೆಯಬೇಡಿ. ಹೆಚ್ಚಿನವರು ಮಾಡುವ ತಪ್ಪು ಇದು. ಕೆಳಗೆ ಜಾರಿದ ರೋಗಿಯನ್ನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದರೆ ಚರ್ಮ ಚಾದರಕ್ಕೆ ಅಂಟಿ ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ಒಳಗೇ ಹರಿದಂತಾಗುತ್ತದೆ. ಬದಲಿಗೆ ಬೆನ್ನಿನಿಂದ ತೊಡೆವರೆಗೆ ಬರುವಂತೆ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಹಾಸಿ. ಇಬ್ಬರು ಎರಡು ಕಡೆ ನಿಂತು ಅಂಚನ್ನು ಮೈಗೆ ಹತ್ತಿರ ಸುತ್ತಿ ಹಿಡಿದು, ಒಂದು ಎರಡು ಮೂರು ಅಂತ ಒಟ್ಟಿಗೆ ಎತ್ತಿ ಸರಿಸಿ. ಪೂರ್ತಿ ಪಕ್ಕಕ್ಕೆ ಮಲಗಿಸುವುದೂ ಬೇಡ. ಬೆನ್ನಿನ ಹಿಂದೆ ದಿಂಬು ಕೊಟ್ಟು ಸ್ವಲ್ಪವೇ ಓರೆ ಮಾಡಿದರೆ ಸಾಕು. ನಿಮ್ಮ ಅತ್ತೆಯದು ಸೊಂಟದ ಆಪರೇಷನ್. ಯಾವ ಕಡೆ ಹೊರಳಬಹುದು, ಕಾಲುಗಳ ನಡುವೆ ದಿಂಬು ಎಷ್ಟು ದಿನ ಇರಬೇಕು ಅಂತ ಡಾಕ್ಟರನ್ನೇ ಕೇಳಿ. ಹಿಮ್ಮಡಿಯ ಕೆಳಗೆ ದಿಂಬಿಡಬೇಡಿ, ಮೀನಖಂಡದ ಕೆಳಗಿಡಿ. ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಏರ್ ಬೆಡ್ ಒಳ್ಳೆಯದೇ. ಅದು ಬಂತು ಅಂತ ಹೊರಳಿಸುವುದನ್ನು ಬಿಡುವ ಹಾಗಿಲ್ಲ.

ಈಗ ಆಗಿರುವ ಹುಣ್ಣಿಗೆ ಅರಿಶಿನ, ಪೌಡರ್ ಏನೂ ಹಾಕಬೇಡಿ. ಅಂಗೈಯಗಲ ಅಂದರೆ ಚಿಕ್ಕದಲ್ಲ. ನಮ್ಮ ಉತ್ತರಕ್ಕೆ ಕಾಯದೆ ಡಾಕ್ಟರಿಗೆ ತೋರಿಸಿದ್ದೀರಿ ಅಂದುಕೊಂಡಿದ್ದೇನೆ. ಕಪ್ಪಾದರೆ, ವಾಸನೆ ಬಂದರೆ, ಕೀವು ಕಂಡರೆ, ಜ್ವರ ಬಂದರೆ ಅವತ್ತೇ ಹೋಗಿ. ಮೊಟ್ಟೆ, ಬೇಳೆ, ಹಾಲು, ಯಾವುದು ಸೇರುತ್ತದೋ ಅದು ಹೊಟ್ಟೆಗೆ ಹೋಗಲಿ. ಶುಗರ್ ಇದ್ದರೆ ಹತೋಟಿಯಲ್ಲಿರಲಿ. ಗಾಯ ತುಂಬುವುದು ಒಳಗಿನಿಂದ.

ನಿಮ್ಮ ಕಾಗದದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆ ನೀರಿನ ಸಾಲು. ಬೆಡ್‌ಪ್ಯಾನ್ ಕೇಳಬೇಕಾಗುತ್ತದಲ್ಲ ಅಂತ ನೀರು ಬಿಟ್ಟವರು ನಿಮ್ಮ ಅತ್ತೆ ಒಬ್ಬರೇ ಅಲ್ಲ. ನಮ್ಮ ಹೆಂಗಸರು ಬಸ್ಸಿನಲ್ಲಿ ಹೊರಟಾಗಲೂ ಹೀಗೇ ಮಾಡುತ್ತಾರೆ, ಅಲ್ವಾ? ಬಸ್ಸು ನಾಲ್ಕು ಗಂಟೆಯಲ್ಲಿ ಊರು ಸೇರುತ್ತದೆ. ಆಸ್ಪತ್ರೆ ಹಾಗಲ್ಲ. ನೀರು ಕಡಿಮೆಯಾದರೆ ಮಲ ಕಟ್ಟುತ್ತದೆ, ಮೂತ್ರದ ಸೋಂಕು ಬರಬಹುದು, ವಯಸ್ಸಾದವರಿಗೆ ತಲೆ ಗೊಂದಲವಾಗುತ್ತದೆ. ಬಿಚ್ಚಿಕೊಂಡ ಆ ಹಸು ಬಂದದ್ದು ಬಹುಶಃ ಹೀಗೆ. ಅದು ಹುಚ್ಚಲ್ಲ. ಹೊಸ ಜಾಗ, ನೋವು, ಔಷಧಿ, ನಿದ್ದೆಯಿಲ್ಲದ ರಾತ್ರಿ, ಮೇಲೆ ನೀರಿಲ್ಲ, ಕನ್ನಡಕವೂ ಇಲ್ಲ. ಕಣ್ಣು ಕಾಣದೆ, ಹಗಲೋ ರಾತ್ರಿಯೋ ತಿಳಿಯದೆ ಇದ್ದರೆ ಯಾರಿಗಾದರೂ ಹಳೆಯ ಕೊಟ್ಟಿಗೆ ನೆನಪಾಗುತ್ತದೆ. ಇಂಥ ಹೊತ್ತಲ್ಲಿ ಸಿಸ್ಟರ್‌ಗೆ ತಕ್ಷಣ ಹೇಳಬೇಕು, ಯಾಕೆಂದರೆ ಸೋಂಕಿನ ಗುರುತೂ ಅದೇ ಆಗಿರಬಹುದು. ಕನ್ನಡಕ, ಕಿವಿಯ ಮೆಷಿನ್ ರೋಗಿಯ ಹತ್ತಿರವೇ ಇರಬೇಕು. ಎದುರಿಗೆ ಒಂದು ಗಡಿಯಾರ. ಹಗಲು ಕಿಟಕಿಯ ಪರದೆ ತೆಗೆದಿರಲಿ. ರಾತ್ರಿ ನಿಮ್ಮ ಮೊಬೈಲು ಸದ್ದು ಮಾಡದಿರಲಿ. (ನೋಡಲು ಬಂದು ಹಾಸಿಗೆ ಮೇಲೇ ಕೂತು ತಮ್ಮ ಆಪರೇಷನ್ ಕಥೆ ಹೇಳುವ ನೆಂಟರ ಬಗ್ಗೆ ಬೇರೆ ಲೇಖನವೇ ಬೇಕು.)

ಬೆಡ್‌ಪ್ಯಾನ್ ಅನ್ನು ಅವರು ಕೇಳುವ ಮೊದಲು ನಾವೇ ಕೇಳಬೇಕು. ಊಟದ ಮುಂಚೆ, ಮಲಗುವ ಮುಂಚೆ, ಎದ್ದ ಕೂಡಲೇ. ಸ್ಟೀಲಿನದಾದರೆ ಬಿಸಿನೀರಲ್ಲಿ ಅದ್ದಿ ಒರೆಸಿ ತನ್ನಿ. ಮಧ್ಯರಾತ್ರಿ ತಣ್ಣನೆ ಸ್ಟೀಲು ಮೈಗೆ ತಾಗಿದರೆ ಯಾರು ತಾನೇ ಇನ್ನೊಮ್ಮೆ ಕೇಳುತ್ತಾರೆ? ಸೊಂಟ ಮುರಿದವರಿಗೆಂದೇ ಒಂದು ಕಡೆ ಚಪ್ಪಟೆ ಇರುವ ಬೆಡ್‌ಪ್ಯಾನ್ ಬರುತ್ತದೆ, ಅದಕ್ಕೆ ಹೆಚ್ಚು ಎತ್ತಬೇಕಾಗಿಲ್ಲ. ಪರದೆ ಎಳೆಯಿರಿ. ಪರದೆ ಇಲ್ಲದ ವಾರ್ಡಿನಲ್ಲಿ ಚಾದರ ಹಿಡಿದು ಮುಖ ಆಚೆ ತಿರುಗಿಸಿ ನಿಲ್ಲಿ.

ಇದನ್ನೆಲ್ಲ ಮನೆಯವರಿಗೆ ಕಲಿಸಲು ಆಗುವುದೇ ಇಲ್ಲ ಅಂತ ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ನೂರಾ ಹೆಲ್ತ್ ಎಂಬ ಸಂಸ್ಥೆ ಶುರು ಮಾಡಿದ್ದು ಇದನ್ನೇ. ವಾರ್ಡಿನ ಸಿಸ್ಟರ್‌ಗಳೇ ರೋಗಿಯ ಕಡೆಯವರನ್ನು ಒಟ್ಟಿಗೆ ಕೂರಿಸಿ ಕೈ ತೊಳೆಯುವುದರಿಂದ ಹಿಡಿದು ಮನೆಗೆ ಹೋದ ಮೇಲಿನ ಆರೈಕೆವರೆಗೆ ತೋರಿಸಿಕೊಡುತ್ತಾರೆ. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲೂ ಇದು ನಡೆದಿದೆ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಸೇರಿದ ದಿನವೇ ‘ಸಿಸ್ಟರ್, ಮಗ್ಗುಲು ಹೇಗೆ ಬದಲಿಸೋದು ಒಂದು ಸಲ ತೋರಿಸಿ’ ಎಂದು ಕೇಳಿ. ಬೆಳಗ್ಗೆ ಡ್ಯೂಟಿ ಬದಲಾಗುವ ಗಡಿಬಿಡಿಯಲ್ಲಿ ಬೇಡ. ಹನ್ನೊಂದರ ಮೇಲೆ ಕೇಳಿದರೆ ಮುಖ ಸ್ವಲ್ಪ ಸಡಿಲವಾಗಿರುತ್ತದೆ.

ಆಸ್ಪತ್ರೆಗೆ ದೂರು ಬರೆಯಲೋ ಬೇಡವೋ ಎಂದು ಕೊನೆಗೆ ಕೇಳಿದ್ದೀರಿ. ಬರೆಯಿರಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಹೆಸರಿಗೆ ಒಂದು, ಆಡಳಿತದವರಿಗೆ ಒಂದು. ರಾತ್ರಿ ಡ್ಯೂಟಿಯ ಆ ಹುಡುಗಿಯ ಹೆಸರು ಬೇಡ. 22 ಹಾಸಿಗೆಗೆ ಒಬ್ಬರಿದ್ದರು ಅಂತ ಬರೆಯಿರಿ, ದಿನಾಂಕ ಹಾಕಿ. ಬೆಡ್‌ಪ್ಯಾನಿಗೆ ದುಡ್ಡು ಕೇಳಿದ್ದನ್ನು ಬರೆಯಿರಿ. ಡಿಸ್ಚಾರ್ಜ್ ಮಾಡುವಾಗ ಬೆನ್ನು ನೋಡಿದ್ದರಾ, ಹುಣ್ಣಿನ ವಿಷಯ ಡಿಸ್ಚಾರ್ಜ್ ಚೀಟಿಯಲ್ಲಿ ಇದೆಯಾ ಅಂತ ಕೇಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ.

ಅಂದ ಹಾಗೆ, ಮನೆಗೆ ಕಳಿಸಿದ್ದ ಕನ್ನಡಕ ಅತ್ತೆಯವರಿಗೆ ವಾಪಸ್ ಸಿಕ್ಕಿತಾ? ಅದನ್ನು ಬರೆದೇ ಇಲ್ಲ.