ಓದುಗರ ಪ್ರಶ್ನೆ: ರಿವರ್ಸ್‌ನಲ್ಲಿ ಏರು ಹತ್ತಿದ ಕಾರು

ಪ್ರಶ್ನೆ: ಫೋರ್ಡ್ ಮಾಡೆಲ್ ಟಿ ಕಾರು ಏರು ಬಂದರೆ ರಿವರ್ಸ್‌ನಲ್ಲಿ ಹತ್ತುತ್ತಿತ್ತು ಅಂತ ನಮ್ಮ ಮಾವ ಹೇಳುತ್ತಾರೆ. ಸುಮ್ನೆ ಬುರುಡೆ ಅಲ್ವಾ? – ಓದುಗರು, ಹಾಸನ

ಉತ್ತರ: ಅಲ್ಲ, ಮಾವ ಹೇಳಿದ್ದು ನಿಜ. ಆ ಕಾರಿಗೆ ಫ್ಯೂಯಲ್ ಪಂಪ್ ಇರಲಿಲ್ಲ. ಟ್ಯಾಂಕ್ ಇದ್ದದ್ದು ಮುಂದಿನ ಸೀಟಿನ ಕೆಳಗೆ, ಅಲ್ಲಿಂದ ಪೆಟ್ರೋಲ್ ತಾನಾಗಿ ಹರಿದು ಇಂಜಿನ್ನಿಗೆ ಇಳಿಯಬೇಕು. ಪೆಟ್ರೋಲ್ ತಳ ಹಿಡಿದಿರುವಾಗ ಕಡಿದಾದ ಏರು ಸಿಕ್ಕಿತು ಅನ್ನಿ, ಕಾರಿನ ಮೂತಿ ಮೇಲಾಗಿ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ, ಪೆಟ್ರೋಲ್ ಹರಿಯದೆ ಇಂಜಿನ್ ಕೆಮ್ಮಿ ನಿಂತುಬಿಡುತ್ತಿತ್ತು. ಕಾರು ತಿರುಗಿಸಿ ಹಿಮ್ಮುಖ ಹತ್ತಿಸಿದರೆ ಟ್ಯಾಂಕೇ ಮೇಲಾಯಿತು. ಜೊತೆಗೆ ರಿವರ್ಸ್ ಗೇರಿಗೆ ಎಳೆಯುವ ಶಕ್ತಿಯೂ ಜಾಸ್ತಿ.

ಅದರ ಪೆಡಲ್‌ಗಳದ್ದು ಇನ್ನೊಂದು ಕಥೆ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರ್, ಬಿಟ್ಟರೆ ಟಾಪ್ ಗೇರ್. ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಕಾಲಿಗೆ ಸಿಗುವುದೇ ಇಲ್ಲ, ಸ್ಟಿಯರಿಂಗ್ ಕೆಳಗಿನ ಲಿವರ್‌ನಲ್ಲಿತ್ತು! ಇನ್ನೊಂದು ಲಿವರ್ ಸ್ಪಾರ್ಕ್, ಅಂದರೆ ಇಂಜಿನ್ನಿನೊಳಗೆ ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡಲು. ಇಂಜಿನ್ ಸ್ಟಾರ್ಟ್ ಮಾಡಲು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು; ಅದಕ್ಕೆ ಮೊದಲು ಈ ಲಿವರ್ ಸರಿಯಾಗಿ ಇಡದಿದ್ದರೆ ಹ್ಯಾಂಡಲ್ ವಾಪಸ್ ಹೊಡೆದು ಮುಂಗೈ ಮುರಿಯುತ್ತಿತ್ತು, ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಿಡಿಯಬಾರದು ಅಂತ ಕಲಿಸುತ್ತಿದ್ದರು. ಕ್ಯಾಡಿಲಾಕ್‌ನವರು 1912ರಲ್ಲೇ ಎಲೆಕ್ಟ್ರಿಕ್ ಸ್ಟಾರ್ಟರ್ ತಂದರು, ಮಾಡೆಲ್ ಟಿಗೆ ಅದು ಬಂದದ್ದು 1919ರಲ್ಲಿ. ನನ್ನ ಕೇಳಿದರೆ ಹಳೆ ಕಾರಿನ ಸೊಗಸು ಹೊಳೆಯುವ ಹಿತ್ತಾಳೆ ದೀಪದಲ್ಲಿಲ್ಲ, ಇಲ್ಲಿದೆ: ಒಳಗೆ ಏನಾಗುತ್ತಿದೆ ಅಂತ ಗೊತ್ತಿಲ್ಲದವನಿಗೆ ಅದು ಹೊರಡುತ್ತಲೇ ಇರಲಿಲ್ಲ.

ಪ್ರಶ್ನೆ: ಫೋಟೋಗಳಲ್ಲಿ ಆ ಕಾರು ಯಾವಾಗಲೂ ಕಪ್ಪೇ ಯಾಕೆ? – ಓದುಗರು, ಶಿವಮೊಗ್ಗ

ಉತ್ತರ: ಫೋಟೋನೇ ಕಪ್ಪು-ಬಿಳುಪು ಅಲ್ವಾ! ತಮಾಷೆ ಬಿಡಿ. 1908ರಲ್ಲಿ ಶುರುವಾದಾಗ ಕೆಂಪು, ಬೂದು, ಹಸಿರು ಎಲ್ಲ ಇತ್ತು. 1914ರಿಂದ 1925ರವರೆಗೆ ಮಾತ್ರ ಬರೀ ಕಪ್ಪು. ಅದಕ್ಕೆ ಒಂದು ವರ್ಷ ಮೊದಲು ಹೈಲ್ಯಾಂಡ್ ಪಾರ್ಕ್ ಫ್ಯಾಕ್ಟರಿಯಲ್ಲಿ ಕಾರೇ ಕೆಲಸಗಾರನ ಮುಂದೆ ಸರಿದು ಬರುವ ವ್ಯವಸ್ಥೆ ಮಾಡಿದ್ದರು, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ (ಕಾರಿನ ತಳದ ಚೌಕಟ್ಟು) ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆ ವೇಗದಲ್ಲಿ ಬಣ್ಣ ಬಣ್ಣ ಅಂತ ಕೂರಲು ಯಾರಿಗೆ ಪುರುಸೊತ್ತು? ಕಪ್ಪು ಅಗ್ಗ, ಬಾಳಿಕೆಯೂ ಚೆನ್ನಾಗಿತ್ತು. ಮೊದಲು 850 ಡಾಲರ್ ಇದ್ದ ಬೆಲೆ 1925ರ ಹೊತ್ತಿಗೆ 300ಕ್ಕಿಂತ ಕೆಳಗೆ ಬಂತು. 1927ರಲ್ಲಿ ನಿಲ್ಲಿಸುವಷ್ಟರಲ್ಲಿ ಒಂದೂವರೆ ಕೋಟಿ ಕಾರು ಹೊರಬಂದಿದ್ದವು.

ಪ್ರಶ್ನೆ: ತಾತನ 1956ರ ಲ್ಯಾಂಡ್‌ಮಾಸ್ಟರ್ ಕೊಟ್ಟಿಗೆಯಲ್ಲಿದೆ. ರಿಪೇರಿ ಮಾಡಿ ಓಡಿಸಬಹುದಾ? – ಓದುಗರು, ತುಮಕೂರು

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ, ಅದು ಅಂಬಾಸಿಡರ್‌ನ ಅಣ್ಣ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಹಳೆಯ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕಷ್ಟೇ. ರಿಪೇರಿಗೆ ಕೈ ಹಾಕುವ ಮೊದಲು ಧರ್ಮಸ್ಥಳದ ಕಾರ್ ಮ್ಯೂಸಿಯಂಗೋ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರ್ ಮ್ಯೂಸಿಯಂಗೋ ಹೋಗಿ ಹಳೆ ಗಾಡಿಗಳನ್ನು ಹೇಗೆ ಇಟ್ಟಿದ್ದಾರೆ ನೋಡಿ ಬನ್ನಿ. ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬಿಡುವ ಲೆಕ್ಕ ಹಾಕಿದ್ದರೆ, ಆ ನೋಂದಣಿಯಲ್ಲಿ ಅದಾಗದು.