ಮಂತ್ರಿಯಾದ ಸರ್ಜನ್ನು, ಮಂತ್ರಿಯ ಕತ್ತರಿ

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಲಂಡನ್ನಿನ ಸರ್ಜನ್ ಆರಾ ಡಾರ್ಜಿ ಬಗ್ಗೆ ಓದಿದೆ. ಅಷ್ಟು ಕಲಿತವರಿಗೆ ಮಂತ್ರಿಗಿರಿ ಯಾಕೆ ಬೇಕಿತ್ತು? ಒಬ್ಬ ಸರ್ಜನ್ ಕಳೆದುಹೋದ, ಒಬ್ಬ ಪುಢಾರಿ ಹೆಚ್ಚಾದ. ಅಷ್ಟೇ ಅಲ್ವಾ?’

ಮೇಷ್ಟ್ರೇ, ನಿಮ್ಮ ಸಂಕಟ ಸುಳ್ಳಲ್ಲ. ಸರ್ಜನ್ನರ ಕೈ ಪಳಗಲು ವರ್ಷಗಟ್ಟಲೆ ಬೇಕು. ಫೈಲಿಗೆ ಸಹಿ ಹಾಕಲು ಪೆನ್ನು ಸಾಕು. ಒಪ್ಪಿದೆ. ಆದರೆ ಪಾಠ ಪೂರ್ತಿ ಓದದೆ ಪ್ರಶ್ನೆ ಕೇಳುವ ಹುಡುಗರನ್ನು ನೀವು ಸುಮ್ನೆ ಬಿಡುತ್ತಿದ್ದಿರಾ?

ಡಾರ್ಜಿ ಬಾಗ್ದಾದಿನ ಅರ್ಮೇನಿಯನ್ ಮನೆತನದವರು. ಹದಿನೇಳಕ್ಕೆ ಐರ್ಲೆಂಡಿಗೆ ಹೋಗಿ ಡಾಕ್ಟರಿಕೆ ಓದಿದರು. ಹೊಟ್ಟೆ ಸೀಳದೆ ಸಣ್ಣ ತೂತಿನಿಂದಲೇ ಮಾಡುವ ಆಪರೇಷನ್ನಿಗೆ ಹೆಸರಾದರು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. 2007ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಈ ಡಾರ್ಜಿಯವರನ್ನು ಆರೋಗ್ಯ ಖಾತೆಗೆ ಮಂತ್ರಿಯಾಗಿ ಕರೆದರು. ಓಟು ಕೇಳುವ ತಾಪತ್ರಯವಿಲ್ಲ, ನೇರ ಮೇಲ್ಮನೆ. ಮಂತ್ರಿಯಾದ ಮೇಲೂ ಅವರು ಆಪರೇಷನ್ ಥಿಯೇಟರ್ ಬಿಡಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ಮೇಲ್ಮನೆಯ ಸದಸ್ಯ ಲಾರ್ಡ್ ಬ್ರೆನನ್ ಸದನದಲ್ಲೇ ಕುಸಿದುಬಿದ್ದರು. ಮಂತ್ರಿ ಎದ್ದು ಓಡಿದರು. ಎದೆ ಒತ್ತಿದರು, ಶಾಕ್ ಕೊಡುವ ಯಂತ್ರ ತರಿಸಿದರು. ನಿಂತ ಹೃದಯ ಮತ್ತೆ ಬಡಿಯಿತು. ನಮ್ಮ ವಿಧಾನಸೌಧದಲ್ಲಿ ಯಾರಾದರೂ ಕುಸಿದರೆ ಮೊದಲು ಏಳುವುದು ಮೊಬೈಲು ಅನ್ನೋದು ನನ್ನ ಅನುಮಾನ!

ಹಾಗಂತ ಅವರು ಮಾಡಿದ್ದೆಲ್ಲ ಸರಿ ಅಂತಲ್ಲ. ಹಲವು ಡಾಕ್ಟರುಗಳನ್ನು, ಸೇವೆಗಳನ್ನು ಒಂದೇ ಸೂರಿನಡಿ ತರುವ ಅವರ ಪಾಲಿಕ್ಲಿನಿಕ್ ಯೋಜನೆಗೆ ಡಾಕ್ಟರುಗಳೇ ತಿರುಗಿಬಿದ್ದರು. ನನಗೆ ಹಿಡಿಸಿದ್ದು ಬೇರೆ: 2009ರಲ್ಲಿ ಖಾತೆ ಬಿಟ್ಟು ತಮ್ಮ ಸರ್ಜರಿಗೇ ಹೆಚ್ಚು ಹೊತ್ತು ಕೊಡಲು ಹೋದರು. ಯಾರೂ ಕುರ್ಚಿಯಿಂದ ಎಳೆದು ಹಾಕಬೇಕಾಗಲಿಲ್ಲ. 2024ರಲ್ಲಿ ಹೊಸ ಸರ್ಕಾರ ಅಲ್ಲಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಪರೀಕ್ಷಿಸಿ ಅಂತ ಮತ್ತೆ ಕರೆಯಿತು. ಸ್ಥಿತಿ ಗಂಭೀರ ಅಂತ ಮುಚ್ಚುಮರೆ ಇಲ್ಲದೆ ಬರೆದುಕೊಟ್ಟರು.

ನಮ್ಮಲ್ಲೂ ಇಂಥವರಿದ್ದರು. ಲಂಡನ್ನಿನಲ್ಲಿ ಎಫ್‌ಆರ್‌ಸಿಎಸ್ ಅನ್ನೋ ಸರ್ಜನ್ನರ ದೊಡ್ಡ ಪರೀಕ್ಷೆ ಮುಗಿಸಿ ಬಂದು ಕಲ್ಕತ್ತೆಯಲ್ಲಿ ಪಾಠ ಹೇಳಿದ ಬಿ.ಸಿ. ರಾಯ್ 1948ರಿಂದ 1962ರವರೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ. ಆಗಲೂ ಬೆಳಿಗ್ಗೆ ಮನೆಯಲ್ಲಿ ಬಿಟ್ಟಿಯಾಗಿ ರೋಗಿಗಳನ್ನು ನೋಡುತ್ತಿದ್ದರು. ಎದುರಿಗೆ ಕೂತು ಕೆಮ್ಮುವವರನ್ನು ದಿನಾ ನೋಡುವ ಮುಖ್ಯಮಂತ್ರಿಗೆ ಆಸ್ಪತ್ರೆಯ ಫೈಲು ಬೇರೆ ಥರ ಕಾಣುತ್ತದೆ, ಮೇಷ್ಟ್ರೇ.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಸ ಎಕ್ಸ್‌ರೇ ಯಂತ್ರ. ಹಿಡಿಕೆಗೆ ಉದ್ಘಾಟನೆಯ ಕೆಂಪು ರಿಬ್ಬನ್ ತುಂಡು ಇನ್ನೂ ನೇತಾಡುತ್ತಿತ್ತು. ಅದನ್ನು ನಡೆಸುವವರ ಹುದ್ದೆ ಖಾಲಿ. ‘ಕಟ್ ಮಾಡಿದ ಕತ್ತರಿ ಬೇಕಾದ್ರೆ ಇದೆ ಸಾರ್’ ಅಂದ ವಾರ್ಡ್ ಬಾಯ್. ಅಮ್ಮನನ್ನು ಮತ್ತೆ ಆಟೋದಲ್ಲಿ ಕೂರಿಸಿದೆ.

– ಸಂಪಾದಕ